ಹೊಸ ಕಂಪ್ಯೂಟರು ಬರುವ ತನಕ

ಕೃಷ್ಣಾ ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಬೇವಿನ ಮರ. ಅಲ್ಲಿ ಅಡವಯ್ಯಜ್ಜ ಎಂಬ ಗುರು, ಸಂಗನಬಸು ಎಂಬ ಶಿಷ್ಯ. ಅಡುಗೆಗೆ ನೀಲವ್ವ. ಇಷ್ಟೇ ಜನ.

ಅಜ್ಜನ ಗುರು ಹರಿಗೋಲು ನಡೆಸುತ್ತಿದ್ದವನು. ಜನರನ್ನು ಹೊಳೆ ದಾಟಿಸುತ್ತ ಪದ ಕಟ್ಟಿ ಹಾಡಿದ. ಬರೆಯಲು ಬಾರದವನು, ಒಂದನ್ನೂ ಬರೆದಿಡಲಿಲ್ಲ. ಆ ಪದಗಳೆಲ್ಲ ಈಗ ಉಳಿದಿರುವುದು ಒಂದೇ ಕಡೆ, ಅಡವಯ್ಯಜ್ಜನ ಬಾಯಲ್ಲಿ.

ಪದ ಕಲಿಯಲು ಆ ಮಠದಲ್ಲೊಂದು ಪದ್ಧತಿ ಇತ್ತು. ಪಡಸಾಲೆಯ ಗೂಟಕ್ಕೆ ಏಕತಾರಿ ತೂಗುಹಾಕಿರುತ್ತದೆ. ಶಿಷ್ಯನೇ ಅದನ್ನು ಇಳಿಸಬೇಕು, ಧೂಳು ಒರೆಸಬೇಕು, ತಂತಿ ಬಿಗಿದು ಗುರುವಿನ ತೊಡೆಯ ಮೇಲಿಡಬೇಕು. ಆಗ ಗುರು ಒಂದು ಪದ ಹಾಡುತ್ತಾನೆ. ಶಿಷ್ಯ ಇಳಿಸದೆ ಹೋದರೆ ಗುರು ಹಾಡುವಂತಿಲ್ಲ. ತಾನಾಗಿ ಗೂಟಕ್ಕೆ ಕೈ ಹಾಕುವಂತೆಯೂ ಇಲ್ಲ.

ಸಂಗನಬಸು ಮೊದಮೊದಲು ದಿನಾಲೂ ಇಳಿಸುತ್ತಿದ್ದ. ಒಂದಷ್ಟು ಪದ ಬಾಯಿಪಾಠವೂ ಆದವು. ಆಮೇಲೆ ಅವನ ತಲೆಗೆ ಒಂದು ವಿಚಾರ ಹೊಕ್ಕಿತು. ಒಳ್ಳೆಯ ವಿಚಾರವೇ, ಸುಳ್ಳು ಯಾಕೆ ಹೇಳಲಿ.

"ಅಜ್ಜಾರ, ನಿಮ್ಮ ಪದ ಎಲ್ಲಾ ಕಂಪ್ಯೂಟರಿನಾಗ ತುಂಬಿ ಇಡೂಣ್ರಿ. ನಿಮ್ಮ ದನಿ ಹೆಂಗೈತಿ ಹಂಗ ಉಳೀತೈತಿ. ನಾಳೆ ಯಾರ ಬೇಕಾದ್ರೂ ಕೇಳಬಹುದು."

"ತುಂಬು," ಅಂದ ಅಜ್ಜ. "ಬ್ಯಾಡ ಅಂದವರ್ಯಾರು?"

ಮಠಕ್ಕೆ ಬರುವ ಭಕ್ತರೊಬ್ಬರು ಖುಷಿಯಿಂದ ಒಪ್ಪಿದರು. "ಯಾವ ಕಂಪ್ಯೂಟರ್ ಬೇಕೋ ನೀವಽ ಆರಿಸ್ರಿ. ತರಿಸಿ ಕೊಡೂ ಭಾರ ನಂದು."

ಯಾವುದು ಬೇಕೆಂದು ಸಂಗನಬಸುಗೆ ಗೊತ್ತಿತ್ತು. ಊರೆಲ್ಲ ಹೊಗಳುವ ಕಂಪ್ಯೂಟರು ಅದು. ಬೆಳ್ಳಿಬಣ್ಣದ ಪುಟ್ಟ ಡಬ್ಬಿ, ಮೇಜಿನ ಮೂಲೆಯಲ್ಲಿ ಕೂತರೆ ಉಸಿರಾಡಿದ ಸದ್ದೂ ಕೇಳುವುದಿಲ್ಲ. ತರಿಸುವ ಮುಂಚೆ ಅದರ ಬಗ್ಗೆ ನಾಲ್ಕು ಮಾತು ಓದೋಣ ಅಂತ ಫೋನು ತೆಗೆದ.

ಓದಬಾರದಿತ್ತು. ಅದರ ಹೊಸ ಮಾದರಿ ಸದ್ಯದಲ್ಲೇ ಬರುತ್ತದಂತೆ ಅಂತ ಅಲ್ಲಿ ಯಾರೋ ಬರೆದಿದ್ದರು.

ಒಂದು ವಾರ ಬಿಟ್ಟು ಅಜ್ಜ ಕೇಳಿದ. "ಬಂತೇನಪಾ ನಿನ್ನ ಡಬ್ಬಿ?"

"ಇಲ್ರಿ ಅಜ್ಜಾರ. ದಸರಾ ಹೊತ್ತಿಗೆ ಹೊಸಾದು ಬರ್ತೈತಂತ. ಈಗ ತಗೊಂಡ್ರ ಆವಾಗ ಇದು ಹಳೇದಾಗಿ ಹೋಗ್ತೈತಿ."

"ಹೌದಾ? ಮುಂದ ಏನ್ ಬರ್ತೈತಿ?"

ಸಂಗನಬಸುನ ಮುಖ ಅರಳಿತು. "ಒಳಗಿನ ಚಿಪ್ ಹೊಸಾದಂತ್ರಿ. ಈಗಿನದ್ದಕ್ಕಿಂತ ಜೋರು. ಡಬ್ಬಿ ಇನ್ನೂ ಸಣ್ಣದಾಗ್ತೈತಂತ. ವಾಯರ್ ಚುಚ್ಚೂ ಜಾಗ ಮುಂದಿನ ಮಗ್ಗಲಿಗೂ ಬರ್ತೈತಂತ."

"ಕಂಪನಿಯವರು ಹೇಳಿದ್ರೇನು?"

"ಅವರು ಬಾಯಿ ಬಿಡಂಗಿಲ್ರಿ. ಹಿಂದ ಯಾವಾಗ ಏನ್ ತಂದ್ರು ಅಂತ ನೋಡಿ ನಾವಽ ಲೆಕ್ಕಾ ಹಾಕೋದು."

"ಬಾಯಿ ಬಿಡಂಗಿಲ್ಲ, ಆದ್ರೂ ಅವರಿಗೆ ಇಷ್ಟು ಶಿಷ್ಯರು!" ಅಜ್ಜ ನಕ್ಕ. "ನಾ ಸುಮ್ಮನ ಹಾಡಿ ಹಾಡಿ ಗಂಟಲ ಹರಕೊಂಡೆ."

ಸಂಗನಬಸೂ ನಕ್ಕ. ಆ ದಿನ ಏಕತಾರಿ ಇಳಿಸಲಿಲ್ಲ. ಹೇಗೂ ಎಲ್ಲ ಪದಗಳನ್ನೂ ಒಮ್ಮೆಲೇ ತುಂಬಿಕೊಳ್ಳುವುದಿದೆ, ಮುದುಕರ ಗಂಟಲನ್ನು ಈಗ ಯಾಕೆ ದಣಿಸಬೇಕು ಅಂತ ಅವನ ಎಣಿಕೆ. ಅವನ ಮನಸ್ಸಿನಲ್ಲಿ ಪ್ರೀತಿ ಇತ್ತು. ಅಜ್ಜನ ದನಿಯ ಒಂದು ಉಸಿರೂ ಕಳೆದುಹೋಗಬಾರದು, ಅತ್ಯುತ್ತಮವಾದದ್ದರಲ್ಲೇ ಹಿಡಿಯಬೇಕು ಅನ್ನುವ ಆಸೆ.

ದಸರಾ ಬಂತು, ಹೋಯಿತು. ಹೊಸ ಕಂಪ್ಯೂಟರು ಬರಲಿಲ್ಲ.

"ಸಂಕ್ರಾಂತಿಗೆ ಖರೇನ ಬರ್ತೈತ್ರಿ," ಅಂದ ಸಂಗನಬಸು.

ಅಷ್ಟರಲ್ಲಿ ಅವನು ಫೋನಿನಲ್ಲಿ ಒಂದು ಗುಂಪು ಸೇರಿದ್ದ. ಅಲ್ಲಿದ್ದವರೆಲ್ಲ ಅದೇ ಡಬ್ಬಿಗೆ ಕಾಯುವವರು. ಯಾವುದೋ ಕಾರ್ಖಾನೆಯ ಮಸುಕು ಫೋಟೋ ಒಂದು ಬಂದರೆ ಸಾಕು, ಬಾಗಿಲಿನ ಸಂದಿಯಲ್ಲಿ ಕಂಡದ್ದು ಪೆಟ್ಟಿಗೆಯೋ ನೆರಳೋ ಅಂತ ದಿನವಿಡೀ ವಾದ. ಸಂಗನಬಸು ಚುರುಕು ಬುದ್ಧಿಯವನು. ಅವನು ಊಹಿಸಿದ್ದು ಒಂದೆರಡು ಸಲ ನಿಜವಾಯಿತು. ಅಲ್ಲಿಂದ ಜನ ಅವನನ್ನು "ಗುರುಗಳೇ" ಅಂತ ಕರೆಯತೊಡಗಿದರು.

"ಗುರುಗಳೇ, ಮುಂದೇನು ಬರುತ್ತೆ?" ಅಂತ ಕೇಳುವರು. ಇವನು ಬೇವಿನ ಕಟ್ಟೆಯ ಮೇಲೆ ಕೂತು ಉತ್ತರ ಕೊಡುವನು. ನಗಬೇಡಿ, ನಾವು ನೀವು ಆಗಿದ್ದರೂ ಕೊಡುತ್ತಿದ್ದೆವು.

ಏಕತಾರಿಯ ಬುರುಡೆಯ ಮೇಲೆ ಧೂಳು ಕೂತಿತು.

ನೀಲವ್ವನಿಗೆ ತಡೆಯಲಾಗಲಿಲ್ಲ. "ಏ ತಮ್ಮಾ, ನಿನ್ನ ಕೈಯಾಗಿನ ಫೋನಿನಾಗ ದನಿ ಹಿಡಿಯಾಕ ಬರೂದಿಲ್ಲೇನೋ? ನನ್ನ ಮೊಮ್ಮಗಳು ಹಿಡೀತಾಳ."

"ಬರ್ತೈತಿ ಯವ್ವಾ. ಆದ್ರ ಹೊಳಿ ಗಾಳಿ, ಪಂಪಿನ ಸದ್ದು, ನಿನ್ನ ಪಾತ್ರಿ ಸದ್ದು, ಎಲ್ಲಾ ಅದರಾಗ ಬರ್ತಾವ. ಅಜ್ಜಾರ ಪದ ಹಂಗ ಹಿಡೀಬಾರದು."

"ಅಜ್ಜಾರು ಹುಟ್ಟಿದಾಗಿಂದ ಆ ಗಾಳಿಯಾಗಽ ಹಾಡ್ಯಾರ," ಅಂದು ನೀಲವ್ವ ಒಳಗೆ ಹೋದಳು. ಅಜ್ಜನ ಹತ್ತಿರವೂ ಅವಳು ಹೇಳಿ ನೋಡಿದಳು. "ನೀವಽ ಗೂಟದಿಂದ ತಗೊಂಡು ಹಾಡ್ರೆಲ್ಲಾ. ಪದ್ಧತಿ ಪದ್ಧತಿ ಅಂತ ಎಷ್ಟು ದಿನ ಕೂಡ್ತೀರಿ?"

ಅಜ್ಜ ಹೊಳೆಯ ಕಡೆ ಕೈ ತೋರಿಸಿದ.

"ನಮ್ಮ ಗುರು ದಂಡಿ ಮ್ಯಾಲ ನಿಂತು ಕೂಗಿದವರನ್ನ ದಾಟಸ್ತಿದ್ದ, ನೀಲವ್ವಾ. ಮನಿಯಾಗ ಕುಂತವರನ್ನ ಎತ್ತಿ ತಂದು ಹರಿಗೋಲಿನಾಗ ಹಾಕತಿರಲಿಲ್ಲ."

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜ ಸಂಗನಬಸುನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡ. ನೀಲವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಉಬ್ಬಿದ ಬಿಸಿ ರೊಟ್ಟಿ ಶಿಷ್ಯನ ತಾಟಿಗೆ ಬಿತ್ತು.

ಅಜ್ಜ ಅದನ್ನೆತ್ತಿ ಪಕ್ಕದ ಬುಟ್ಟಿಗೆ ಹಾಕಿದ. "ತಡಿಯಪಾ. ಮುಂದಿಂದು ಇದಕ್ಕಿಂತ ಚಲೋ ಬರ್ತೈತಿ."

ಎರಡನೆಯದು ಬಂತು. ಅದನ್ನೂ ಅಜ್ಜ ಎತ್ತಿದ. "ಇದರ ಅಂಚು ದಪ್ಪ ಆಗೇತಿ. ಮುಂದಿಂದು ತೆಳ್ಳಗ ಬರ್ತೈತಿ."

ಮೂರನೆಯದಕ್ಕೆ ಸಂಗನಬಸು ಕೈ ಅಡ್ಡ ಹಿಡಿದ. "ಅಜ್ಜಾರ, ಹೊಟ್ಟಿ ಹಸದೈತ್ರಿ."

"ಹಸಿವಿ ಇರ್ಲಿ. ಹಸಿವಿ ಇದ್ರ ಮುಂದಿಂದು ಇನ್ನೂ ರುಚಿ."

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕಡೆಗೆ ಪರಾತದಲ್ಲಿನ ಹಿಟ್ಟು ಮುಗಿಯಿತು. ಅವಳು ಕೈ ಕೊಡವಿ ಎದ್ದಳು. ಹೊರಗೆ ದನ ಕಾಯುವವರು ಬಂದು ನಿಂತಿದ್ದರು, ಬುಟ್ಟಿಯ ರೊಟ್ಟಿಯೆಲ್ಲ ಅವರಿಗೆ ಹೋಯಿತು.

ಸಂಗನಬಸು ಬರಿದಾದ ತಾಟು ನೋಡುತ್ತ ಕೂತ. ಅವನಿಗೆ ಅರ್ಥವಾಗಿತ್ತು. ಅರ್ಥವಾದದ್ದಕ್ಕೇ ಸಿಟ್ಟೂ ಬಂದಿತ್ತು.

"ರೊಟ್ಟಿ ಮಾತು ಬ್ಯಾರೆ ಅಜ್ಜಾರ, ಕಂಪ್ಯೂಟರ್ ಮಾತು ಬ್ಯಾರೆ. ಒಂದ್ಸಲ ತಗೊಂಡ್ರ ವರ್ಷಾನಗಟ್ಟಲೆ ಅದರಾಗಽ ಕೆಲಸ ಮಾಡಬೇಕು. ದುಡುಕಬಾರದು."

"ಖರೆ," ಅಂದ ಅಜ್ಜ. "ದುಡುಕಬಾರದು."

ಸಂಕ್ರಾಂತಿ ಬಂತು. ಹೊಳೆಯಲ್ಲಿ ಮಿಂದ ಜನ ಎಳ್ಳು ಬೆಲ್ಲ ಕೊಟ್ಟು ಹೋದರು. ಕಂಪ್ಯೂಟರು ಬರಲಿಲ್ಲ. ಈಗಿನ ಮಾದರಿ ಅಂಗಡಿಗಳಲ್ಲಿ ಖಾಲಿಯಾಗುತ್ತಿದೆಯಂತೆ, ಹಾಗಾದರೆ ಹೊಸದು ಹತ್ತಿರ ಬಂತು ಅಂತಲೇ ಅರ್ಥ ಎಂದು ಸಂಗನಬಸು ಗುಂಪಿನಲ್ಲಿ ಬರೆದ. ಗುಂಪಿನವರು ಕೈಮುಗಿದ ಚಿತ್ರ ಕಳಿಸಿದರು.

ಒಂದು ಬೆಳಿಗ್ಗೆ ಅಜ್ಜ ನೀಲವ್ವನನ್ನು ನೋಡಿ, "ನೀ ಯಾರ ಪೈಕಿ ಅವ್ವಾ? ಯಾವ ಊರು?" ಅಂತ ಕೇಳಿದ.

ಅವಳ ಕೈಯಲ್ಲಿದ್ದ ಚಹಾ ಚೆಲ್ಲಿತು. ಆಕೆ ಆ ಮಠದಲ್ಲಿ ಅಡುಗೆ ಮಾಡುತ್ತಲೇ ಕೂದಲು ಹಣ್ಣಾದವಳು.

ಸ್ವಲ್ಪ ಹೊತ್ತಿಗೆ ಅಜ್ಜನಿಗೆ ಎಲ್ಲ ನೆನಪಾಯಿತು. "ನೀಲವ್ವಾ, ಚಹಾ ಎಲ್ಲಿ?" ಅಂತ ಎಂದಿನಂತೆ ಕೂಗಿದ. ನೀಲವ್ವ ಕಣ್ಣು ಒರೆಸಿಕೊಂಡು ಸಂಗನಬಸುನ ಮುಂದೆ ಬಂದು ನಿಂತಳು.

"ಇವತ್ತ ನನ್ನ ಮರತ್ರು. ನಾಳೆ ಪದ ಮರತ್ರ ಏನ್ ಮಾಡ್ತೀಯೋ? ನಿನ್ನ ಕಾಲಿಗೆ ಬೀಳ್ತೇನಿ, ಆ ಏಕತಾರಿ ಇಳಸೋ ನಮ್ಮಪ್ಪಾ."

ಸಂಗನಬಸು ಫೋನು ಜೇಬಿಗೆ ಹಾಕಿದ. ಎದ್ದು ಪಡಸಾಲೆಗೆ ಹೋದ. ಗೂಟದ ಕೆಳಗೆ ನಿಂತು ಕೈ ಮೇಲೆತ್ತಿದ.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಕಂಪನಿಯವರು ಕಡೆಗೂ ಬಾಯಿ ಬಿಟ್ಟಿದ್ದರು. ಹೊಸ ಕಂಪ್ಯೂಟರಿನ ದಿನ ಗೊತ್ತಾಗಿತ್ತು.

"ಯವ್ವಾ, ಬರೂ ತಿಂಗಳಽ ಬರ್ತೈತಿ!" ಅಂತ ಕೂಗಿದ. "ಇಷ್ಟು ದಿನಾ ಕಾದೇವಿ, ಇನ್ನೊಂದು ತಿಂಗಳು. ಎಲ್ಲಾ ಪದ ಒಮ್ಮೆಲೇ ಚಂದಾಗಿ ಹಿಡಿಯೂಣಂತ."

ಎತ್ತಿದ ಕೈ ಇಳಿಯಿತು. ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ಅಜ್ಜ ಅದನ್ನು ನೋಡಿದ.

ಹೊಸ ಕಂಪ್ಯೂಟರು ಬಂತು. ಹೇಳಿದ ಮಾತಿಗೆ ತಪ್ಪದೆ ಭಕ್ತರು ತಾವೇ ಗಾಡಿಯಲ್ಲಿ ತಂದುಕೊಟ್ಟರು. ಸಂಗನಬಸು ಊಹಿಸಿದ್ದೆಲ್ಲ ಅದರಲ್ಲಿತ್ತು. ಡಬ್ಬಿ ಸಣ್ಣದಾಗಿತ್ತು, ಚಿಪ್ ಹೊಸದಾಗಿತ್ತು, ವಾಯರ್ ಚುಚ್ಚುವ ಜಾಗ ಮುಂದಿನ ಮಗ್ಗುಲಿಗೂ ಇತ್ತು.

ಗುಂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಅದರ ಹಿಂದೆಯೇ ಒಬ್ಬ ಕೇಳಿದ್ದ, "ಗುರುಗಳೇ, ಇದರ ಮುಂದಿನದರಲ್ಲಿ ಏನು ಬರುತ್ತೆ?"

ಸಂಗನಬಸು ಫೋನನ್ನು ಮುಚ್ಚಿಟ್ಟ. ಪಡಸಾಲೆ ಗುಡಿಸಿದ, ಕಿಟಕಿಗೆ ಕಂಬಳಿ ಕಟ್ಟಿದ, ಅಜ್ಜನ ಮುಂದೆ ಮೈಕು ನಿಲ್ಲಿಸಿದ. ಪಂಪು ನಿಲ್ಲಿಸಿರಿ ಅಂತ ಪಕ್ಕದ ಹೊಲದವರಿಗೆ ಹೇಳಿ ಬಂದ. ನೀಲವ್ವ ಒಲೆ ಆರಿಸಿ, ಬಾಗಿಲ ಹತ್ತಿರ ಬಂದು ಕೂತಳು.

ಆಮೇಲೆ ಅವನು ಗೂಟದಿಂದ ಏಕತಾರಿ ಇಳಿಸಿದ. ಧೂಳು ಒರೆಸಲು ಬಹಳ ಹೊತ್ತು ಬೇಕಾಯಿತು. ತಂತಿ ಬಿಗಿದು ಅಜ್ಜನ ತೊಡೆಯ ಮೇಲಿಟ್ಟು, ಕಾಲು ಮುಟ್ಟಿ ನಮಸ್ಕರಿಸಿದ.

"ಎಲ್ಲಾ ತಯಾರ ಐತ್ರಿ ಅಜ್ಜಾರ. ಒಂದೊಂದಽ ಪದ ಹಾಡ್ರಿ."

ಅಜ್ಜನ ಕಣ್ಣು ತುಂಬಿದವು. ಏಕತಾರಿಯ ಬುರುಡೆಯನ್ನು ಮೆಲ್ಲಗೆ ಸವರಿದ. ಬೆರಳು ತಂತಿಗೆ ತಾಗಿತು, ದನಿ ಎದ್ದಿತು. ದನಿ ಚೂರೂ ಮಾಸಿರಲಿಲ್ಲ.

ಹರಿಗೋಲು ಹಗುರಣ್ಣ, ಹೊಳಿ ಬಲು ಅಗಲಣ್ಣ,
ಹುಟ್ಟ ಹಿಡಿದವನ ಹೆಸರ ಕೇಳಲಿಲ್ಲಣ್ಣ,
ಆಚಿ ದಂಡಿಯ ಮ್ಯಾಲ...

ಅಜ್ಜನ ದನಿ ನಿಂತಿತು. ಬೆರಳು ತಂತಿ ಮೀಟುತ್ತಲೇ ಇತ್ತು.

"ಆಚಿ ದಂಡಿಯ ಮ್ಯಾಲ," ಅಂತ ಇನ್ನೊಮ್ಮೆ ಎತ್ತಿಕೊಂಡ. ಮತ್ತೆ ದನಿ ನಿಂತಿತು. ಹಣೆ ತಿಕ್ಕಿಕೊಂಡ. ಹೊಳೆಯ ಕಡೆ ತಿರುಗಿದ, ಅಲ್ಲಿ ಕಂಬಳಿ ಕಟ್ಟಿತ್ತು. ಸಂಗನಬಸು ಕಲಿತ ಪದಗಳಲ್ಲಿ ಇದಿರಲಿಲ್ಲ.

"ಇದು ಬ್ಯಾಡ್ರಿ ಅಜ್ಜಾರ, ಬ್ಯಾರೆ ಪದ ಹಾಡ್ರಿ," ಅಂದ ಸಂಗನಬಸು. "ಯಾವುದಾರ ಒಂದು. ನಿಮಗ ಬಂದದ್ದು."

ಅಜ್ಜ ಕಣ್ಣು ಮುಚ್ಚಿದ. ತುಟಿ ಅಲುಗಿತು. ಬಂದದ್ದು ಮತ್ತೆ ಅದೇ ಹರಿಗೋಲು, ಅದೇ ಹೊಳೆ, ಅದೇ ಆಚೆ ದಂಡೆ. ಬೆರಳು ತಂತಿಯ ಮೇಲೆ ನಿಂತುಬಿಟ್ಟಿತು.

ಪರದೆಯ ಮೇಲೆ ಅಜ್ಜನ ದನಿಗೆ ಎದ್ದು ಬೀಳುತ್ತಿದ್ದ ಹಸಿರು ಗೆರೆ ಮಟ್ಟಸವಾಗಿ ಹರಿಯತೊಡಗಿತು. ಪಂಪಿನ ಸದ್ದಿಲ್ಲ, ಗಾಳಿಯ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ. ನೀಲವ್ವ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು, ಅದೂ ಕೇಳಿಸಲಿಲ್ಲ.

ಸಂಗನಬಸು ಅಜ್ಜನ ಎರಡೂ ಪಾದ ಹಿಡಿದುಕೊಂಡ. "ನಂದಽ ತಪ್ಪು ಅಜ್ಜಾರ. ನಂದಽ ತಪ್ಪು," ಅಂತ ಬಿಕ್ಕಿದ.

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟ. ಅಜ್ಜನ ಮುಖದಲ್ಲಿ ಸಿಟ್ಟಿರಲಿಲ್ಲ, ಅಣಕವೂ ಇರಲಿಲ್ಲ. ದಾರಿ ತಪ್ಪಿದವನು ಊರಿನವನನ್ನು ಕೇಳುವ ಹಾಗೆ, ನಿಜವಾಗಿಯೂ ತಿಳಿಯಬೇಕಾಗಿ, ಶಿಷ್ಯನ ಮುಖವನ್ನೇ ನೋಡಿ ಕೇಳಿದ:

"ಮುಂದ ಏನ್ ಬರ್ತೈತಿ, ಸಂಗನಬಸೂ?"