ಕೂಸಿನ ಮೊಳ

ಕಣ್ಣು ಮುಚ್ಚು, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ ಅಂತಲೇ ಇಟ್ಕೊ, ನನ್ನ ಕೇಳಿದ್ರೆ ಹೋದ ವಾರದ್ದೂ ಇರಬಹುದು. ಒಂದು ಊರಲ್ಲಿ ಬೊಮ್ಮಣ್ಣ ಅಂತ ಒಬ್ಬ ಸಾಹುಕಾರ ಇದ್ದನಂತೆ. ಅವನಿಗೆ ಮೂರು ತೋಟ ಇತ್ತಂತೆ, ಮೂರಕ್ಕೂ ನೀರು ಸಾಲದಂತೆ. ಅದಕ್ಕೆ ತನ್ನ ಜಮೀನಿನ ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ ಹಾಕಿಸಿ, ತನ್ನದೇ ಒಂದು ಕೆರೆ ಕಟ್ಟಿಸಿಕೊಂಡನಂತೆ.

ಕಟ್ಟಿಸಲಿ, ಬೇಡ ಅಂದೋರ್ಯಾರು? ಆದರೆ ಆ ಏರಿಯ ಕೆಳಗಡೆ ಕುಂಬಾರರ ಕೇರಿ ಇತ್ತಂತೆ, ಮೂವತ್ತು ಮನೆ. ಅದರಲ್ಲಿ ಮೊದಲನೇ ಮನೆ ಹೊನ್ನಕ್ಕನದು. ಹೊನ್ನಕ್ಕನ ಸೊಸೆ ಬಾಣಂತಿ, ತೊಟ್ಟಿಲಲ್ಲಿ ಒಂದು ತಿಂಗಳ ಹೆಣ್ಣು ಕೂಸು.

ಕೂಸಿನ ಹೆಸರೇನಜ್ಜಿ?

ಇನ್ನೂ ಇಟ್ಟಿರಲಿಲ್ಲ, ಕೇಳು. ಯಾವ ಕೆರೆಗಾದ್ರೂ ಹೆಚ್ಚಾದ ನೀರು ಹರಿದು ಹೋಗೋಕೆ ಪಕ್ಕದಲ್ಲಿ ಒಂದು ದಾರಿ ಬಿಡ್ತಾರೆ, ಅದಕ್ಕೆ ಕೋಡಿ ಅಂತಾರೆ. ಈ ಸಾಹುಕಾರ, ನನ್ನ ನೀರು ಸುಮ್ಮನೆ ಯಾಕೆ ಹೋಗಬೇಕು ಅಂತ ಕೋಡಿಗೆ ಕಲ್ಲು ಮಣ್ಣು ತುಂಬಿಸಿ ಮುಚ್ಚಿಬಿಟ್ಟನಂತೆ. ಆಮೇಲೆ ಮಳೆ ಬಂತಂತೆ, ಕೆರೆ ತುಂಬಿತಂತೆ, ಏರಿಯ ಬುಡದಲ್ಲಿ ಹೊನ್ನಕ್ಕನ ಹಿತ್ತಲ ಕಡೆ ನೀರು ಜಿನುಗೋಕೆ ಶುರುವಾಯ್ತಂತೆ. ಹೊನ್ನಕ್ಕ ಒಂದು ಮಡಕೆ ಒಡ್ಡಿ ಆ ನೀರು ಹಿಡಿದು, ಒಂದು ಜಾವ ಅಲುಗಾಡಿಸದೆ ಇಟ್ಟು ನೋಡಿದರೆ, ತಳದಲ್ಲಿ ಒಂದು ಬೆರಳು ಮಣ್ಣು. ಮಣ್ಣಿನ ಜೊತೆಗೇ ಬಾಳಿದವಳಿಗೆ ಅಷ್ಟು ಸಾಕಲ್ಲ. ತಿಳಿನೀರು ಬಂದರೆ ಹೆದರಬೇಕಾಗಿಲ್ಲ, ರಾಡಿ ಬಂದರೆ ಏರಿ ಒಳಗಿಂದ ಕರಗ್ತಾ ಇದೆ ಅಂತ ಅರ್ಥ.

ಆಮೇಲೆ ಅವಳು ಮಡಕೆ ಹೊತ್ತುಕೊಂಡು ಸಾಹುಕಾರನ ಮನೆಗೆ ಹೋದಳಂತೆ. ಸ್ವಾಮಿ, ಕೋಡಿ ಬಿಚ್ಚಿಸಿ, ನಿಮ್ಮ ಏರಿ ಕರಗ್ತಾ ಇದೆ ಅಂದಳಂತೆ. ಅವನು ಜಗಲಿ ಮೇಲಿಂದ ಇಳಿಯಲೂ ಇಲ್ಲವಂತೆ. ಏರಿ ಅಂದಮೇಲೆ ಬೆವರ್ತದೆ ಹೊನ್ನಕ್ಕ, ಬಿಸಿಲಲ್ಲಿ ನಿಂತರೆ ನೀನು ಬೆವರಲ್ವ ಅಂದನಂತೆ. ನಾನು ಬೆವರಿದರೆ ಮಣ್ಣು ಬರಲ್ಲ ಸ್ವಾಮಿ ಅಂತ ಅವಳು ಅಂದರೆ, ಅವನಿಗೆ ಅಷ್ಟು ಹೊತ್ತಿಗೆ ಊಟದ ಹೊತ್ತಾಗಿತ್ತಂತೆ.

ಮೂರು ದಿನ ಬಿಟ್ಟು ಇನ್ನೊಂದು ಮಡಕೆ ಹಿಡಿದಳಂತೆ, ಎರಡು ಬೆರಳು ಮಣ್ಣು. ಈ ಸಲ ರಾಜನ ಅಮಲ್ದಾರರ ಹತ್ತಿರ ಹೋದಳಂತೆ, ಏರಿಗಳ ಉಸ್ತುವಾರಿ ಅವರದೇ. ಅಮಲ್ದಾರರು ಮಡಕೆ ನೋಡಲಿಲ್ಲ, ಕಾನೂನು ನೋಡಿದರಂತೆ. ಹತ್ತು ಮೊಳಕ್ಕಿಂತ ಎತ್ತರದ ಏರಿಯನ್ನು ಮಾತ್ರ ನಾವು ತಪಾಸಣೆ ಮಾಡೋದು, ಅದಕ್ಕಿಂತ ಗಿಡ್ಡ ಇದ್ದರೆ ಅದು ಧಣಿಗಳ ಸ್ವಂತ ವಿಚಾರ ಅಂದರಂತೆ. ಆಮೇಲೆ ಬಂದರಂತೆ, ಏರಿಯ ಎತ್ತರಕ್ಕೆ ಸರಿಯಾಗಿ ಒಂದು ಬಿದಿರಿನ ಗಳ ಕತ್ತರಿಸಿ ನೆಲದ ಮೇಲೆ ಮಲಗಿಸಿದರಂತೆ. ಮೊಳ ಹಾಕೋಕೆ ಸಾಹುಕಾರ ತನ್ನ ಆಳು ಕೆಂಚನನ್ನು ಕರೆಸಿದನಂತೆ. ಕೆಂಚ ಎಂಥ ಆಳು ಅಂದರೆ, ನಿಂತಲ್ಲೇ ಕೈ ಚಾಚಿ ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಇಳಿಸೋನು. ಅವನ ಮೊಳಕ್ಕೆ ಏರಿ ಒಂಬತ್ತೂ ಮುಕ್ಕಾಲು.

ನಂದಾದ್ರೆ ಎಷ್ಟು ಬರ್ತಿತ್ತಜ್ಜಿ?

ಕೈ ಹೊದಿಕೆ ಒಳಗಿಟ್ಕೊ. ಹೊನ್ನಕ್ಕ ಕೇಳಿದಳಂತೆ, ಬುದ್ಧಿ, ನನ್ನ ಮೊಳಕ್ಕೆ ಹದಿಮೂರು ಬರ್ತದಲ್ಲ, ಕೆಂಚನ ಕೈಯೇ ಯಾಕೆ ಅಂತ. ಯಾರ ಮೊಳ ಅಂತ ಕಾನೂನಲ್ಲಿ ಬರೆದಿಲ್ಲಮ್ಮ, ಯಾರದ್ದಾದರೂ ನಡೀತದೆ ಅಂದರಂತೆ ಅಮಲ್ದಾರರು. ಹಂಗಂತ ಬರೆದುಕೊಡಿ ಬುದ್ಧಿ ಅಂದಳಂತೆ. ಪೀಡೆ ತೊಲಗಲಿ ಅಂತ ಅವರು ಬರೆದು ಮೊಹರು ಒತ್ತಿ ಕೊಟ್ಟರಂತೆ. ದಾರೀಲಿ ಯಾರ ಕೈಲೋ ಆ ಕಾಗದ ಓದಿಸಿ, ಕಾನೂನಲ್ಲಿ ಇನ್ನೇನೇನಿದೆ ಅಂತಲೂ ಕೇಳಿ ತಿಳ್ಕೊಂಡಳಂತೆ.

ಆಮೇಲೆ ಮೂರನೇ ಮಡಕೆ. ನಾಲ್ಕು ಬೆರಳು ಮಣ್ಣು, ಮಳೆ ಇನ್ನೂ ನಿಂತಿಲ್ಲ. ಹೊನ್ನಕ್ಕ ಒಂದು ಸೊಂಟದಲ್ಲಿ ಮಡಕೆ, ಇನ್ನೊಂದು ಸೊಂಟದಲ್ಲಿ ಕೂಸು ಇಟ್ಕೊಂಡು ಹೋಗಿ, ಕಾಗದ ತೋರಿಸಿ, ಅಮಲ್ದಾರರನ್ನು ಮತ್ತೆ ಏರಿಗೆ ಎಳ್ಕೊಂಡು ಬಂದಳಂತೆ. ಅದೇ ಗಳ ಅಲ್ಲೇ ಬಿದ್ದಿತ್ತು. ಕೂಸನ್ನು ಗಳದ ಪಕ್ಕ ಮಲಗಿಸಿ, ಅದರ ಪುಟ್ಟ ಕೈ ಹಿಡಿದು ಮೊಳ ಹಾಕ್ತಾ ಹೋದಳಂತೆ. ಕೂಸು ಎರಡು ಸಲ ಅತ್ತಿತಂತೆ, ಒಂದು ಸಲ ಗಳದ ಮೇಲೆ ಉಚ್ಚೆ ಹೊಯ್ದಿತಂತೆ. ಊರೋರೆಲ್ಲ ಸೇರಿ ಎಣಿಸಿದರಂತೆ, ಮೂವತ್ತಾರು ಮೊಳ.

ಮೂವತ್ತಕ್ಕಿಂತ ಎತ್ತರದ ಏರಿ ಜಿನುಗಿದರೆ ಮೊದಲು ನೀರು ಬಿಡಬೇಕು, ವಿಚಾರಣೆ ಆಮೇಲೆ. ಅದೂ ಕಾನೂನೇ. ಅಮಲ್ದಾರರು ತಮ್ಮ ಮೊಹರನ್ನೇ ತಿರುಗಿಸಿ ತಿರುಗಿಸಿ ನೋಡಿದರಂತೆ. ಸಾಹುಕಾರ ಕೂಗಾಡಿದನಂತೆ, ಇದೆಂಥ ನ್ಯಾಯ, ಕೂಸು ಬೆಳೀತದೆ, ಮುಂದಿನ ವರ್ಷ ಅಳೆದರೆ ಇಷ್ಟು ಬರಲ್ಲ ಅಂತ. ಹೊನ್ನಕ್ಕ ಅಂದಳಂತೆ, ಬೆಳೀಲಿ ಅಂತಲೇ ಸ್ವಾಮಿ ನಾನು ಬಂದಿರೋದು. ಕೋಡಿ ಬಿಚ್ಚಿಸಿ, ಮುಂದಿನ ವರ್ಷ ನಾನೇ ಕರ್ಕೊಂಡು ಬರ್ತೀನಿ, ಆಗ ಅಳೀರಿ.

ಅಮಲ್ದಾರರು ಗುದ್ದಲಿ ತರಿಸಿದರಂತೆ. ಕೋಡಿ ಬಿಚ್ಚಿದರಂತೆ, ನೀರು ಪಕ್ಕದ ಹಳ್ಳಕ್ಕೆ ಇಳೀತಂತೆ. ಮೂರು ದಿನದ ಮೇಲೆ ಏರಿ ಅಗೆದು ನೋಡಿದರೆ ಒಳಗೆ ಎಂಥ ಪೊಳ್ಳು ಅಂದರೆ, ಕೆಂಚ ಪೂರ್ತಿ ತೋಳು ತೂರಿಸಿದರೂ ಕೊನೆ ಸಿಗಲಿಲ್ಲವಂತೆ. ಇನ್ನೊಂದು ಮಳೆ ಬಿದ್ದಿದ್ದರೆ ಮೂವತ್ತು ಮನೆಯೂ ಇರ್ತಿರಲಿಲ್ಲ.

ಸಾಹುಕಾರಂಗೆ ಶಿಕ್ಷೆ ಆಯ್ತಾ ಅಜ್ಜಿ?

ಎಲ್ಲಿಂದ. ಏರಿ ಉಳಿಸಿದ ಧಣಿ ಅಂತ ರಾಜ ಅವನಿಗೇ ಶಾಲು ಹೊದಿಸಿದನಂತೆ. ಆದರೆ ಏರಿ ರಿಪೇರಿಗೆ ಜೇಡಿಮಣ್ಣು ತುಳಿದು ಹದ ಮಾಡೋಕೆ ಕುಂಬಾರರೇ ಬೇಕಲ್ಲ, ಹೊನ್ನಕ್ಕ ಅವನನ್ನೂ ಮಣ್ಣಿಗಿಳಿಸಿ ಮೊಣಕಾಲ ತನಕ ತುಳಿಸಿದಳಂತೆ, ಶಾಲು ಹೊದ್ದುಕೊಂಡೇ ತುಳಿದನಂತೆ. ರಾಜ ಒಂದು ಮೊಳದ ಕಬ್ಬಿಣದ ಕಂಬಿ ಮಾಡಿಸಿ ಚಾವಡಿ ಗೋಡೆಗೆ ಹೊಡೆಸಿದನಂತೆ, ಇನ್ನು ಅಳತೆ ಅಂದರೆ ಇದೊಂದೇ ಅಂತ. ಅದನ್ನು ಚೂರು ಉದ್ದ ಮಾಡಿಸೋಕಾಗ್ತದಾ ಅಂತ ಮಾರನೇ ದಿನವೇ ಒಬ್ಬರು ಬಂದು ಕೇಳಿದರಂತೆ. ಯಾರು ಅಂತ ನಿನಗೆ ಗೊತ್ತು.

ಆಮೇಲೆ ಕೂಸಿಗೆ ಹೆಸರಿಟ್ಟರಂತೆ, ಕೂಸು ಬೆಳೀತಂತೆ, ಅದರ ಮೊಳವೂ ಬೆಳೀತಂತೆ. ವರ್ಷಾವರ್ಷ ಹೊನ್ನಕ್ಕ ಅದನ್ನು ಏರಿಗೆ ಕರ್ಕೊಂಡು ಹೋಗಿ ಗಳದ ಪಕ್ಕ ಕೈ ಇಡಿಸಿ ಎಣಿಸ್ತಿದ್ದಳಂತೆ. ಮೂವತ್ತಾರು ಇದ್ದದ್ದು ಇಪ್ಪತ್ತಾಯ್ತಂತೆ, ಹದಿನೈದಾಯ್ತಂತೆ, ಒಂದು ವರ್ಷ ಹೊನ್ನಕ್ಕನಷ್ಟೇ ಹದಿಮೂರಾಯ್ತಂತೆ. ಅವತ್ತು ಹೊನ್ನಕ್ಕ, ಸರಿ, ಇನ್ನು ಅಳೆಯೋದು ಬೇಡ ಅಂದಳಂತೆ.

ಇಷ್ಟೇ ಕತೆ, ಮುಗಿದುಹೋಯ್ತು. ಮತ್ತೆ ಕೈ ಹೊರಗೆ ತೆಗೆದೆಯಲ್ಲ. ಆಯ್ತು, ಮಂಚ ಎಷ್ಟು ಮೊಳ ಅಂತ ಒಂದೇ ಸಲ ಎಣಿಸಿ ಮಲ್ಕೊ.