ಚೆನ್ನಿಂಗ ಶಾಖ ಅಳೆದು ಬಂದದ್ದು

ಕೇಳ್ರಪ್ಪಾ ಕೇಳಿ! ಪುಟ್ಟಹೊನ್ನಿಗೆ ಇಬ್ಬರು ಮಕ್ಕಳು. ಮಗಳು ರತ್ನಿ ದೂರದೂರಿಗೆ ಸೊಸೆಯಾಗಿ ಹೋದಳು, ಮಗ ಚೆನ್ನಿಂಗ ಮನೆಯಲ್ಲೇ ಉಳಿದ. ಬುದ್ಧಿ ಇದ್ದದ್ದು ಹೋಯಿತು, ಇಲ್ಲದ್ದು ಉಳಿಯಿತು! ರತ್ನಿಗೆ ಎರಡನೇ ಹೆರಿಗೆ ಅಲ್ಲೇ ಆಯಿತು, ಬಾಣಂತಿಗೆ ಜ್ವರವಂತೆ. ಹೋಗೋಣವೆಂದರೆ ಪುಟ್ಟಹೊನ್ನಿಗೆ ಮಂಡಿ ಬಾತು ಹೊಸಿಲು ದಾಟಲಾಗದು. ಫೋನು ಮಾಡಿದರೆ ಬೀಗಿತ್ತಿಯೇ ಎತ್ತುತ್ತಾಳೆ, "ಚೆಂದಾಗವ್ಳೆ" ಅಂದು ಇಟ್ಟುಬಿಡುತ್ತಾಳೆ. ಮಗಳ ಮುಖ ನೋಡಬೇಕು, ದನಿ ಕೇಳಬೇಕು ಅಂತ ತಾಯಿಯ ಜೀವ ಹಂಬಲಿಸುತ್ತಿತ್ತು.

"ನೀನಾದ್ರೂ ಹೋಗ್ಬಾರೋ!"

"ಒಳ್ಳೇ ಸೆನ್ಸರ್ ಆರಿಸಿದ್ರೆ ರಜ ಕೊಡ್ತಾರಂತೆ ಕಣವ್ವ."

ಅವನಿದ್ದ ಕಾರ್ಖಾನೆಯಲ್ಲಿ ಕಾರಿಗೆ ಲೇಸರ್ ಕಣ್ಣು ಮಾಡುತ್ತಿದ್ದರು, ಎದುರಿರುವುದು ಎಷ್ಟು ದೂರ ಎಂದು ಅಳೆಯುವ ಕಣ್ಣು. ಕಾದರೆ ಅದರ ಲೆಕ್ಕ ತಪ್ಪುತ್ತದೆ. ಆ ಲೆಕ್ಕ ತಿದ್ದಿಕೊಳ್ಳಲು ಪಕ್ಕದಲ್ಲಿ ಶಾಖ ಹೇಳುವ ಸೆನ್ಸರ್ ಇಡಬೇಕು.

"ಜಾಗ ಇಲ್ಲ, ಚಿಕ್ಕದು ಆರಿಸೋ!" ಅಂದರು ಯಜಮಾನರು ಮರಿಸ್ವಾಮಪ್ಪ. ಚೆನ್ನಿಂಗ ಸಾಸಿವೆಗಿಂತ ಚಿಕ್ಕದು ಆರಿಸಿದ. ಕಣ್ಣು ಕಾಯಿತು, ಸೆನ್ಸರ್ ಸುಟ್ಟೇ ಹೋಯಿತು!

"ಅಯ್ಯೋ ಪೆದ್ದೇ! ಚಿಕ್ಕದಾದ್ರೆ ಸಾಕಾ? ಬಿಸಿಗೂ ಚಳಿಗೂ ಜಗ್ಗದ್ದು ಆರಿಸೋ!"

ಆಗಲಿ ಅಂದ. ಒಂದೊಂದನ್ನೂ ಬಿಸಿನೀರಿಗೆ ಅದ್ದಿದ, ಐಸಿನಲ್ಲಿ ಇಟ್ಟ. ಒಂದು ಮಾತ್ರ ಎಲ್ಲಿಟ್ಟರೂ ಇಪ್ಪತ್ತೈದು ಡಿಗ್ರಿ, ಇಪ್ಪತ್ತೈದು! ಜಗ್ಗಲೇ ಇಲ್ಲ! ಅದನ್ನೇ ಹಾಕಿದ. ಕಣ್ಣು ಕೆಂಡವಾದರೂ ಸೆನ್ಸರ್ ಇಪ್ಪತ್ತೈದೇ ಅಂದಿತು, ದೂರದ ಲೆಕ್ಕ ತಪ್ಪಿ ಕಾರು ಹೋಗಿ ಗೇಟಿಗೆ ಗುದ್ದಿತು.

"ಅಯ್ಯೋ ಪೆದ್ದೇ! ಅದು ಸತ್ತಿದ್ದು ಕಣೋ! ಮುಟ್ಟಿದ್ದರ ಶಾಖ ತಕ್ಷಣ, ಸರಿಯಾಗಿ ಹೇಳೋದು ಬೇಕು. ಮುಟ್ಟಿಸು, ಅಂಕಿ ನೋಡು, ಬಂದು ಹೇಳು. ಬೇರೆ ಎಲ್ಲೂ ಕಣ್ಣು ಹಾಯಿಸಬೇಡ, ಕಿವಿ ಕೊಡಬೇಡ!"

ಹಾಗೇ ಮಾಡಿದ. ಸರಿಯಾದದ್ದೇ ಸಿಕ್ಕಿತು! ರಜವೂ ಸಿಕ್ಕಿತು! ತಾಯಿ ತಂಬಿಟ್ಟು ಕಟ್ಟಿಕೊಟ್ಟು, "ಅಕ್ಕನ ಜ್ವರ ಹೆಂಗೈತೆ ನೋಡ್ಕೊಂಡು ಬಾರಪ್ಪ" ಅಂದಳು. ಚೆನ್ನಿಂಗ ಸೆನ್ಸರನ್ನೂ ಅದರ ಅಂಕಿ ತೋರಿಸುವ ಡಬ್ಬಿಯನ್ನೂ ಜೇಬಿಗಿಟ್ಟು ಮುಂಜಾನೆಯ ಬಸ್ಸು ಹತ್ತಿದ.

ಸಂಜೆವರೆಗೂ ಪುಟ್ಟಹೊನ್ನಿ ಬಾಗಿಲಲ್ಲೇ ಕುಳಿತಿದ್ದಳು. ಅಂತೂ ಬಂದ!

"ಮೂವತ್ತೇಳು ಕಣವ್ವ! ಜ್ವರ ಬಿಟ್ಟೈತೆ!"

"ನನ್ನಪ್ಪನೇ! ಮುಖ ಇಳ್ದೋಗಿತ್ತೇನೋ?"

"ಮುಖ ನೋಡ್ನಿಲ್ಲ, ಅಂಕಿ ನೋಡ್ದೆ."

"ನಂಗೇನಾದ್ರೂ ಹೇಳುದ್ಲಾ?"

"ಅಳ್ತಾ ಏನೋ ಹೇಳ್ತಿದ್ಲು, ನಾನು ಕಿವಿ ಕೊಡ್ನಿಲ್ಲ."

"ಮಗು ಯಾರಂಗೈತೋ?"

"ಅಕ್ಕನಂಗೇ! ಅದೂ ಮೂವತ್ತೇಳು!"

ಬೈಯಲು ಬಾಯಿ ತೆರೆದ ಪುಟ್ಟಹೊನ್ನಿ ಮಗಳ ಮೈ ಮುಟ್ಟಿ ಬಂದ ಆ ಸೆನ್ಸರನ್ನೇ ಕಸಿದು ಕೆನ್ನೆಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಚೆನ್ನಿಂಗ ಡಬ್ಬಿಯ ಅಂಕಿ ನೋಡಿ ಹಿಗ್ಗಿಹೋದ. "ಅಳಬ್ಯಾಡ ಕಣವ್ವ! ನಿಂಗೂ ಜ್ವರ ಇಲ್ಲ!"