ಗಿಡ್ಡ ನಳಿಗೆಗೆ ಒಪ್ಪಿದ ತೋಟಾ

ಕೊಡಗಿನ ಬೊಳ್ಳಮ್ಮನವರ ಕೈಚೀಲದಲ್ಲಿ ಒಂದು ಮುದಿ ರಿವಾಲ್ವರ್ ಇತ್ತು. ನಳಿಗೆ ಎರಡೇ ಇಂಚು, ಗತ್ತು ಮಾತ್ರ ಫಿರಂಗಿಯದು. ತನ್ನೊಳಗೆ ಯಾರಿರಬೇಕೆಂದು ಅದು ಎರಡು ಡಬ್ಬಿಯ ತೋಟಾಗಳನ್ನು ವಿಚಾರಿಸಿತು.

ಹೊಳೆಯುವ ಹೊಸ ತೋಟಾಗಳು, “ನಮ್ಮಲ್ಲಿ ಮದ್ದು ಹೆಚ್ಚು. ಗೋಡೆಯನ್ನೂ ತೂರಿ ಹೋಗುತ್ತೇವೆ” ಎಂದವು.

ಮೊಂಡು ಮೂತಿಯ ಸೀಸದ ತೋಟಾಗಳು, “ಅಜ್ಜ, ನಿಮ್ಮನ್ನು ಹಿಡಿಯುವ ಕೈ ಯಾರದು?” ಎಂದು ಕೇಳಿದವು.

“ಎಪ್ಪತ್ತು ದಾಟಿದ ಕೈ. ಬೆರಳಿಗೆ ಗಂಟುನೋವು” ಎಂದಿತು ರಿವಾಲ್ವರ್.

ಬೆಳಿಗ್ಗೆ ಬೊಳ್ಳಮ್ಮನವರು ಆಯುಧ ಪೂಜಿಸುವ ಹಬ್ಬದ ರೂಢಿಯಂತೆ ತೆಂಗಿನಕಾಯಿಯೊಂದನ್ನು ಹತ್ತು ಹೆಜ್ಜೆ ದೂರದಲ್ಲಿಟ್ಟು ಮೊದಲು ಹೊಸ ತೋಟಾ ಹಾರಿಸಿದರು. ನಳಿಗೆ ಗಿಡ್ಡವಾದ್ದರಿಂದ ಅರ್ಧ ಮದ್ದು ಅದರ ಹೊರಗೇ ಧಗ್ಗೆಂದು ಉರಿಯಿತು. ಕಣ್ಣು ಕೋರೈಸಿತು, ಕೈ ಮೇಲಕ್ಕೆ ಹಾರಿತು, ರಿವಾಲ್ವರಿನ ಕೀಲುಗಳೆಲ್ಲ ಅದುರಿದವು. ಕಾಯಿ ಅಲ್ಲಾಡಲಿಲ್ಲ.

ಆಮೇಲೆ ಮದ್ದು ಕಡಿಮೆಯಿದ್ದ ಸೀಸದ್ದನ್ನು ತುಂಬಿದರು. ಮೊದಲ ಏಟಿಗೇ ಕಾಯಿ ಒಡೆದು ನೀರು ಚೆಲ್ಲಿತು.

“ಇದು ನನ್ನ ಮಾತು ಕೇಳುತ್ತೆ” ಎಂದು ಬೊಳ್ಳಮ್ಮನವರು ರಿವಾಲ್ವರಿನಲ್ಲಿ ತೋಟಾ ಕೂರುವ ಗೂಡುಗಳಿಗೆಲ್ಲ ಅದನ್ನೇ ತುಂಬಿದರು.

“ಅವಕ್ಕೆ ಗೋಡೆ ತೂರಲು ಬರುವುದಿಲ್ಲ” ಎಂದು ಡಬ್ಬಿಯಲ್ಲುಳಿದ ಹೊಸ ತೋಟಾಗಳು ಗೊಣಗಿದವು.

“ಬರುವುದು ಬೇಡ” ಎಂದಿತು ರಿವಾಲ್ವರ್. “ಗೋಡೆಯಾಚೆ ಮಲಗುವವರು ನಮ್ಮವರೇ.”